ರೋಮನ್ ವಿಜಯನಾಣ್ಯವನ್ನು ಓದುವ ಕ್ರಮ

ಯುದ್ಧದಲ್ಲಿ ಗೆದ್ದ ಸುದ್ದಿಯನ್ನು ನಾಣ್ಯದ ಮೇಲೆ ಅಚ್ಚೊತ್ತಿ ಊರೂರಿಗೆ ಮುಟ್ಟಿಸುವ ಪದ್ಧತಿಯನ್ನು ರೋಮನ್ನರಷ್ಟು ದೀರ್ಘಕಾಲ, ಅಷ್ಟು ವ್ಯವಸ್ಥಿತವಾಗಿ ನಡೆಸಿಕೊಂಡು ಬಂದವರು ಪ್ರಾಚೀನ ಜಗತ್ತಿನಲ್ಲಿ ವಿರಳ. ಕ್ರಿ.ಪೂ. 3ನೆಯ ಶತಮಾನದ ಕೊನೆಯಲ್ಲಿ, ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ಲನ ವಿರುದ್ಧದ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಅವರು ಹೊರಡಿಸಿದ ವಿಕ್ಟೋರಿಯೇಟಸ್ ಎಂಬ ಬೆಳ್ಳಿ ನಾಣ್ಯದಲ್ಲಿ ರೆಕ್ಕೆಯ ವಿಜಯದೇವತೆ ಕಾಣಿಸಿಕೊಳ್ಳುತ್ತಾಳೆ. ಕ್ರಿ.ಶ. 6ನೆಯ ಶತಮಾನದ ಆರಂಭದಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಟಂಕಸಾಲೆಯಿಂದ ಹೊರಬಿದ್ದ ಚಿನ್ನದ ನಾಣ್ಯದಲ್ಲೂ ಅದೇ ದೇವತೆ, ಕೈಯಲ್ಲಿ ಉದ್ದನೆಯ ಶಿಲುಬೆ ಹಿಡಿದು ನಿಂತಿದ್ದಾಳೆ. ಈ ಏಳು ಶತಮಾನಗಳ ನಡುವೆ ಈಜಿಪ್ಟ್, ಬ್ರಿಟನ್, ಯೂದಾಯ (ಯೆಹೂದಿಗಳ ನಾಡು), ಡೇಸಿಯಾ (ಇಂದಿನ ರೊಮೇನಿಯಾ ಭಾಗ), ಅರೇಬಿಯಾ, ಪಾರ್ಥಿಯಾ (ಇಂದಿನ ಇರಾನ್, ಇರಾಕ್ ಭಾಗ) ಎಂದು ಒಂದೊಂದು ನಾಡಿನ ಹೆಸರೂ ಲೋಹದ ಬಿಲ್ಲೆಗಳ ಮೇಲೆ ಏರಿತು.

ಇಂಥ ನಾಣ್ಯವೊಂದು ಮ್ಯೂಸಿಯಮ್ಮಿನ ಗಾಜಿನ ಹಿಂದೆ, ಸಂಗ್ರಹಕಾರರ ಮೇಜಿನ ಮೇಲೆ ಅಥವಾ ಕಂಪ್ಯೂಟರಿನ ಪರದೆಯಲ್ಲಿ ಎದುರಾದಾಗ ಅದನ್ನು ಯಾವ ಕ್ರಮದಲ್ಲಿ ನೋಡಬೇಕು, ಯಾವುದನ್ನು ಯಾವುದರ ಜೊತೆ ಹೊಂದಿಸಿ ಓದಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಲ್ಯಾಟಿನ್ ಭಾಷೆ ಬಾರದವರೂ ಈ ಕೆಲಸವನ್ನು ಮಾಡಬಹುದು, ಏಕೆಂದರೆ ನಾಣ್ಯದ ಮೇಲಿನ ಶಬ್ದಸಂಪತ್ತು ಬಹಳ ಚಿಕ್ಕದು. ಇಪ್ಪತ್ತು ಮೂವತ್ತು ಸಂಕ್ಷಿಪ್ತ ರೂಪಗಳ ಪರಿಚಯವಾದರೆ ಬಹುಪಾಲು ನಾಣ್ಯಗಳು ಬಾಯಿ ಬಿಡುತ್ತವೆ. ಆದರೆ ಓದುವುದು ಅರ್ಧ ಕೆಲಸ ಮಾತ್ರ. ನಾಣ್ಯ ಹೇಳುತ್ತಿರುವುದು ಗೆದ್ದವನು ತನ್ನ ಬಗ್ಗೆ ಹೇಳಿಕೊಂಡ ಮಾತು. ಆ ಮಾತನ್ನು ಬೇರೆ ಆಧಾರಗಳ ಒರೆಗೆ ಹಚ್ಚಿ ನೋಡುವುದೇ ಉಳಿದ ಅರ್ಧ ಕೆಲಸ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ಅರ್ಧವೂ ಅದೇ.

ಲೋಹ, ತೂಕ ಮತ್ತು ಬೆಳಕು

ನಾಣ್ಯ ನಿಮ್ಮ ಕೈಗೆ ಸಿಗುವಂತಿದ್ದರೆ ಮೊದಲು ಮೇಜಿನ ಮೇಲೆ ಮೆತ್ತನೆಯ ಬಟ್ಟೆಯೊಂದನ್ನು ಹಾಸಿ, ನಾಣ್ಯದ ಮುಖಗಳನ್ನು ಮುಟ್ಟದೆ ಅಂಚನ್ನು ಮಾತ್ರ ಹಿಡಿದು ಎತ್ತಿಕೊಳ್ಳಿ. ಅದನ್ನು ತೊಳೆಯುವ, ಉಜ್ಜುವ, ಹುಣಸೆಹಣ್ಣು ಅಥವಾ ನಿಂಬೆರಸ ಹಾಕಿ ಹೊಳಪು ತರುವ ಯೋಚನೆಯನ್ನು ಪೂರ್ತಿಯಾಗಿ ಬಿಟ್ಟುಬಿಡಿ. ತಾಮ್ರ ಮತ್ತು ಹಿತ್ತಾಳೆಯ ನಾಣ್ಯಗಳ ಮೇಲೆ ಶತಮಾನಗಳಲ್ಲಿ ಕಟ್ಟಿಕೊಂಡ ಹಸಿರು ಅಥವಾ ಕಂದು ಪದರವೇ ಅನೇಕ ವೇಳೆ ಅಕ್ಷರಗಳ ಗೆರೆಗಳನ್ನು ಕಾಪಾಡಿಕೊಂಡಿರುತ್ತದೆ. ಆ ಪದರ ಹೋದರೆ ಅದರ ಜೊತೆಗೆ ಬರಹವೂ ಹೋಗುತ್ತದೆ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ಮಾತ್ರ ಬೇರೆ ಬಗೆಯದು, ಅದು ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಅದು ಕಂಡರೆ ನಾಣ್ಯವನ್ನು ಒಣ ಜಾಗದಲ್ಲಿ ಪ್ರತ್ಯೇಕವಾಗಿರಿಸಿ ಪರಿಣತರಿಗೆ ತೋರಿಸಬೇಕು.

ಮೇಲಿನಿಂದ ಬೀಳುವ ಬೆಳಕಿನಲ್ಲಿ ಸವೆದ ಅಕ್ಷರಗಳು ಕಾಣುವುದಿಲ್ಲ. ಕೋಣೆಯ ದೀಪ ಆರಿಸಿ, ಒಂದೇ ಒಂದು ದೀಪವನ್ನು ನಾಣ್ಯದ ಪಕ್ಕದಲ್ಲಿ ತಗ್ಗಾಗಿ ಇಟ್ಟು, ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಮಾಯವಾಗಿದ್ದ ಗೆರೆ ಇನ್ನೊಂದು ಕೋನದಲ್ಲಿ ನೆರಳಾಗಿ ಎದ್ದು ನಿಲ್ಲುತ್ತದೆ. ಪ್ರತಿ ಕೋನದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ, ಹತ್ತು ಪಟ್ಟು ಹಿಗ್ಗಿಸುವ ಮಸೂರವೊಂದು ಜೊತೆಗಿರಲಿ.

ಆಮೇಲೆ ತೂಕ. ಚಿನ್ನದಂಗಡಿಯಲ್ಲಿ ಬಳಸುವಂಥ, ಗ್ರಾಮಿನ ನೂರನೆಯ ಒಂದು ಭಾಗದವರೆಗೆ ತೋರಿಸುವ ತಕ್ಕಡಿ ಸಾಕು. ಸಾಮ್ರಾಜ್ಯದ ಮೊದಲ ಎರಡು ಶತಮಾನಗಳ ಬೆಳ್ಳಿಯ ಡಿನೇರಿಯಸ್ ಸಾಮಾನ್ಯವಾಗಿ 3ರಿಂದ 4 ಗ್ರಾಂ ನಡುವೆ ತೂಗುತ್ತದೆ; ಕ್ರಿ.ಶ. 64ರ ಸುಮಾರಿಗೆ ನೀರೋ ಅದರ ತೂಕವನ್ನು ಇಳಿಸಿದ್ದರಿಂದ ಅದಕ್ಕಿಂತ ಹಿಂದಿನವು 4 ಗ್ರಾಮಿಗೆ ಹತ್ತಿರ, ಮುಂದಿನವು ಮೂರೂವರೆ ಗ್ರಾಮಿಗಿಂತ ಕಡಿಮೆ. ಚಿನ್ನದ ಆರಿಯಸ್ ಏಳೆಂಟು ಗ್ರಾಂ. ಹಿತ್ತಾಳೆಯ ಸೆಸ್ಟರ್ಷಿಯಸ್ ಸುಮಾರು 25 ಗ್ರಾಂ ತೂಕದ, ಮೂರು ಸೆಂಟಿಮೀಟರಿಗೂ ಹೆಚ್ಚು ಅಗಲದ ದೊಡ್ಡ ನಾಣ್ಯ. ಒಂದು ಆರಿಯಸ್ಸಿಗೆ 25 ಡಿನೇರಿಯಸ್, ಒಂದು ಡಿನೇರಿಯಸ್ಸಿಗೆ ನಾಲ್ಕು ಸೆಸ್ಟರ್ಷಿಯಸ್ ಎಂಬ ಲೆಕ್ಕವನ್ನು ನೆನಪಿಟ್ಟುಕೊಂಡರೆ ಯಾವ ನಾಣ್ಯ ಯಾರ ಕೈಗೆ ಹೋಗುತ್ತಿತ್ತು ಎಂಬುದರ ಅಂದಾಜು ಸಿಗುತ್ತದೆ. ವಿಜಯದ ಚಿತ್ರಗಳು ಅತ್ಯಂತ ವಿವರವಾಗಿ, ಅತ್ಯಂತ ಸುಂದರವಾಗಿ ಮೂಡಿರುವುದು ಸೆಸ್ಟರ್ಷಿಯಸ್ಸಿನಲ್ಲಿ, ಏಕೆಂದರೆ ಅಚ್ಚು ಕೊರೆಯುವವನಿಗೆ ಅಲ್ಲಿ ಜಾಗವಿತ್ತು. ಕಲಿಯಲು ಹೊರಟವರು ಅದರಿಂದಲೇ ಆರಂಭಿಸಲಿ ಎಂದು ನಾನು ಸಲಹೆ ಮಾಡುತ್ತೇನೆ.

ಮುಂಬದಿಯ ಬರಹವೇ ಪಂಚಾಂಗ

ಮುಂಬದಿಯಲ್ಲಿ ಚಕ್ರವರ್ತಿಯ ತಲೆ, ಅದರ ಸುತ್ತ ಅವನ ಹೆಸರು ಮತ್ತು ಬಿರುದುಗಳು ಇರುತ್ತವೆ. ಬರಹ ಸಾಮಾನ್ಯವಾಗಿ ಕೆಳಗಿನ ಎಡಭಾಗದಲ್ಲಿ ಆರಂಭವಾಗಿ ಪ್ರದಕ್ಷಿಣವಾಗಿ ಸಾಗುತ್ತದೆ. ವೆಸ್ಪಾಸಿಯನ್ನನ ಕೆಲವು ಡಿನೇರಿಯಸ್‌ಗಳಲ್ಲಿರುವಂತೆ ಅಪ್ರದಕ್ಷಿಣವಾಗಿ ಓಡುವುದೂ ಉಂಟು. ಪದಗಳ ನಡುವೆ ಅಂತರ ಇರುವುದಿಲ್ಲ. ‘ಯು’ ಎಂಬ ಬೇರೆ ಅಕ್ಷರವೂ ಇಲ್ಲ. ಅದರ ಜಾಗದಲ್ಲಿ ‘ವಿ’ ಇರುತ್ತದೆ, ಆದ್ದರಿಂದ ಆಗಸ್ಟಸ್ ಎಂಬ ಬಿರುದಿನ ಸಂಕ್ಷೇಪವು ‘ಎ ವಿ ಜಿ’ ಎಂದು ಕಾಣುತ್ತದೆ. ಸಂಖ್ಯೆಗಳು ರೋಮನ್ ಅಂಕಿಗಳಲ್ಲಿರುತ್ತವೆ ಮತ್ತು ನಾಲ್ಕನ್ನು ಅನೇಕ ಸಲ ನಾಲ್ಕು ನೇರ ಗೆರೆಗಳಾಗಿಯೇ ಬರೆಯಲಾಗಿದೆ.

ಕಾಲವನ್ನು ನಿರ್ಧರಿಸಲು ಮೂರು ಸಂಕ್ಷೇಪಗಳನ್ನು ಹುಡುಕಬೇಕು. ‘ಸಿ ಒ ಎಸ್’ ಎಂದರೆ ಕಾನ್ಸಲ್, ರೋಮಿನ ಅತ್ಯುನ್ನತ ಆಡಳಿತ ಪದವಿ. ಅದರ ಮುಂದಿನ ಅಂಕಿ ಆ ಪದವಿಯನ್ನು ಎಷ್ಟನೆಯ ಸಲ ವಹಿಸಿದ್ದಾನೆಂದು ಹೇಳುತ್ತದೆ. ‘ಟಿ ಆರ್ ಪಿ’ ಎಂದರೆ ಜನಸಾಮಾನ್ಯರ ಪ್ರತಿನಿಧಿಯಾದ ಟ್ರಿಬ್ಯೂನನ ಅಧಿಕಾರ. ಇದು ವರ್ಷಕ್ಕೊಮ್ಮೆ ನವೀಕರಣವಾಗುತ್ತಿದ್ದುದರಿಂದ ಅಂಕಿ ಜೊತೆಗಿದ್ದರೆ ವರ್ಷವೇ ಸಿಕ್ಕಂತೆ. ‘ಐ ಎಂ ಪಿ’ ಹೆಸರಿನ ಆರಂಭದಲ್ಲಿದ್ದರೆ ಅದು ಬಿರುದು. ಕೊನೆಯಲ್ಲಿ ಅಂಕಿಯೊಡನೆ ಬಂದರೆ ಸೈನ್ಯವು ಅವನನ್ನು ವಿಜಯಿಯೆಂದು ಎಷ್ಟು ಸಲ ಜಯಘೋಷ ಮಾಡಿತೆಂಬ ಲೆಕ್ಕ. ಕ್ಲಾಡಿಯಸ್ಸನ ಪಾಲಿಗೆ ಈ ಲೆಕ್ಕ 27ಕ್ಕೆ ಮುಟ್ಟಿತ್ತು.

ಇವುಗಳ ಜೊತೆಗೆ ವಿಜಯನಾಣ್ಯಗಳಲ್ಲಿ ನಾಲ್ಕನೆಯದೊಂದು ಸಾಧನವಿದೆ: ಗೆದ್ದ ಜನಾಂಗದ ಹೆಸರಿನಿಂದ ಕಟ್ಟಿದ ಬಿರುದು. ಇದನ್ನು ಕಲಿಯಲು ಟ್ರೇಜನ್ನನ ನಾಣ್ಯಗಳಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಅವನು ಪಟ್ಟಕ್ಕೆ ಬಂದ ಕ್ರಿ.ಶ. 98ರಿಂದ ಅವನ ಹೆಸರಿನೊಡನೆ ‘ಜಿ ಇ ಆರ್’, ಅಂದರೆ ಜರ್ಮಾನಿಕಸ್ ಎಂಬುದು ಇದೆ. ಡ್ಯಾನ್ಯೂಬ್ ನದಿಯ ಆಚೆಗಿದ್ದ ಡೇಸಿಯಾದ ದೊರೆ ಡೆಸೆಬಾಲಸ್ಸನ ವಿರುದ್ಧ 101–102ರಲ್ಲಿ ಮೊದಲ ಯುದ್ಧ ಮುಗಿದ ಮೇಲೆ ಅದಕ್ಕೆ ‘ಡಿ ಎ ಸಿ’, ಅಂದರೆ ಡಾಸಿಕಸ್ ಸೇರಿತು. 114ರಲ್ಲಿ ಆಪ್ಟಿಮಸ್, ಅಂದರೆ ಅತ್ಯುತ್ತಮ ಎಂಬ ಬಿರುದು ಅವನ ಅಧಿಕೃತ ಹೆಸರಿನ ಭಾಗವಾಯಿತು. 116ರಲ್ಲಿ ಪಾರ್ಥಿಕಸ್ ಬಂದಿತು. 117ರ ಆಗಸ್ಟ್‌ನಲ್ಲಿ ಅವನು ತೀರಿಕೊಂಡ. ಹೀಗಾಗಿ ಕೇವಲ ಜರ್ಮಾನಿಕಸ್ ಇದ್ದರೆ ನಾಣ್ಯ ಮೊದಲ ಡೇಸಿಯಾ ಯುದ್ಧದ ಅಂತ್ಯಕ್ಕಿಂತ ಹಿಂದಿನದು, ಪಾರ್ಥಿಕಸ್ ಇದ್ದರೆ ಕೊನೆಯ ಒಂದೂವರೆ ವರ್ಷದ್ದು. ಇವೆರಡರ ನಡುವಿನದಕ್ಕೆ ಕಾನ್ಸಲ್ ಪದವಿಯ ಅಂಕಿ ನೋಡಬೇಕು: ಐದು ಎಂದಿದ್ದರೆ 103ರಿಂದ 111ರ ಒಳಗೆ, ಆರು ಎಂದಿದ್ದರೆ 112 ಅಥವಾ ಅನಂತರ. ಆರನೆಯ ಸಲ ಕಾನ್ಸಲ್ ಆಗುವವರೆಗೆ ಐದು ಎಂಬ ಅಂಕಿಯೇ ಒಂಬತ್ತು ವರ್ಷ ಮುಂದುವರಿದಿದ್ದು, 105–106ರ ಎರಡನೆಯ ಡೇಸಿಯಾ ಯುದ್ಧವೂ ಅದರೊಳಗೇ ಬರುವುದರಿಂದ ಅಲ್ಲಿ ಮುಂಬದಿಯೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಹಿಂಬದಿಯ ಚಿತ್ರವನ್ನೂ ಕೇಳಬೇಕಾಗುತ್ತದೆ.

ಹಿಂಬದಿಯ ಚಿತ್ರಗಳು

ವಿಕ್ಟೋರಿಯಾ ಎಂಬ ವಿಜಯದೇವತೆಯನ್ನು ಗುರುತಿಸುವುದು ಸುಲಭ: ಬೆನ್ನಿಗೆ ರೆಕ್ಕೆ, ಒಂದು ಕೈಯಲ್ಲಿ ಎಲೆಗಳ ಹಾರ, ಇನ್ನೊಂದರಲ್ಲಿ ಖರ್ಜೂರದ ಗರಿ. ಅವಳು ಹಡಗಿನ ಮೂತಿಯ ಮೇಲೆ ನಿಂತಿದ್ದರೆ ನೌಕಾಯುದ್ಧದ ವಿಜಯ; ಕ್ರಿ.ಪೂ. 31ರಲ್ಲಿ ಆಕ್ಟಿಯಮ್ ಬಳಿ ಆಂಟನಿ ಮತ್ತು ಕ್ಲಿಯೋಪಾತ್ರಳನ್ನು ಸೋಲಿಸಿದ ಆಕ್ಟೇವಿಯನ್ನನ (ಮುಂದೆ ಆಗಸ್ಟಸ್ ಎನಿಸಿಕೊಂಡ ಮೊದಲ ಚಕ್ರವರ್ತಿ) ನಾಣ್ಯಗಳಲ್ಲಿ ಇದನ್ನು ಕಾಣಬಹುದು. ಅವಳು ಗುರಾಣಿಯ ಮೇಲೆ ಏನನ್ನೋ ಬರೆಯುತ್ತಿದ್ದರೆ ಮಸೂರ ಹಿಡಿದು ಆ ಗುರಾಣಿಯನ್ನು ಓದಲು ಪ್ರಯತ್ನಿಸಿ. ಲೂಸಿಯಸ್ ವೇರಸ್ಸನ ನಾಣ್ಯಗಳಲ್ಲಿ ಆ ಪುಟ್ಟ ಗುರಾಣಿಯ ಮೇಲೆಯೇ ಪಾರ್ಥಿಯನ್ನರ ಮೇಲಿನ ವಿಜಯವೆಂಬ ಮಾತು ಎರಡು ಸಾಲುಗಳಲ್ಲಿ ಸಂಕ್ಷಿಪ್ತವಾಗಿ ಕೊರೆದಿರುತ್ತದೆ.

ಎರಡನೆಯದು ಟ್ರೋಫಿ. ಇಂದು ನಾವು ಆ ಹೆಸರಿನಿಂದ ಕರೆಯುವ ಬಟ್ಟಲಿಗೂ ಇದಕ್ಕೂ ರೂಪದಲ್ಲಿ ಸಂಬಂಧವಿಲ್ಲ. ರಣಭೂಮಿಯಲ್ಲಿ ಒಂದು ಮರದ ಕಂಬವನ್ನು ನೆಟ್ಟು, ಅಡ್ಡಪಟ್ಟಿ ಕಟ್ಟಿ, ಸೋತವರಿಂದ ಕಿತ್ತುಕೊಂಡ ಶಿರಸ್ತ್ರಾಣ, ಎದೆಗವಚ, ಗುರಾಣಿ, ಈಟಿಗಳನ್ನು ಅದಕ್ಕೆ ತೊಡಿಸಿ ಮನುಷ್ಯಾಕೃತಿಯಂತೆ ನಿಲ್ಲಿಸುತ್ತಿದ್ದರು. ಗ್ರೀಕರಿಂದ ಬಂದ ಪದ್ಧತಿ ಇದು. ಅದರ ಬುಡದಲ್ಲಿ ಕೈಕಟ್ಟಿಸಿಕೊಂಡ ಸೆರೆಯಾಳುಗಳು ಕುಳಿತಿರುತ್ತಾರೆ. ಜೂಲಿಯಸ್ ಸೀಸರನು ಗಾಲ್ (ಇಂದಿನ ಫ್ರಾನ್ಸ್ ಭಾಗ) ಪ್ರದೇಶದ ವಿಜಯಕ್ಕಾಗಿ ಹೊರಡಿಸಿದ ಡಿನೇರಿಯಸ್‌ಗಳಲ್ಲಿ ಟ್ರೋಫಿಯ ಇಕ್ಕೆಲಗಳಲ್ಲಿ ಇಂಥ ಸೆರೆಯಾಳುಗಳಿದ್ದಾರೆ.

ಮೂರನೆಯದು, ಮತ್ತು ಓದುಗನಿಂದ ಹೆಚ್ಚು ಎಚ್ಚರವನ್ನು ಬೇಡುವುದು, ಸೋತ ನಾಡನ್ನೇ ವ್ಯಕ್ತಿಯಾಗಿ ತೋರಿಸುವ ಚಿತ್ರ. ನೆಲದ ಮೇಲೆ ಕುಳಿತು ತಲೆಗೆ ಕೈಹೊತ್ತ ಹೆಂಗಸು ಒಂದು ಇಡೀ ದೇಶವಾಗಿರುತ್ತಾಳೆ. ಅದು ಯಾವ ದೇಶವೆಂಬುದನ್ನು ಪಕ್ಕದ ವಸ್ತುಗಳು ಹೇಳುತ್ತವೆ. ಖರ್ಜೂರದ ಮರವಿದ್ದರೆ ಯೂದಾಯ, ಒಂಟೆಯಿದ್ದರೆ ಅರೇಬಿಯಾ, ಮೊಸಳೆಯಿದ್ದರೆ ಈಜಿಪ್ಟ್. ತುದಿ ಬಾಗಿದ ಟೋಪಿ ಮತ್ತು ಕುಡುಗೋಲಿನಂತೆ ಬಾಗಿದ ಕತ್ತಿ ಡೇಸಿಯನ್ನರ ಗುರುತು. ಆರು ಮೂಲೆಯ ಗುರಾಣಿ ಜರ್ಮನ್ ಬುಡಕಟ್ಟುಗಳದು. ಬಿಲ್ಲು ಬತ್ತಳಿಕೆಗಳು ಪಾರ್ಥಿಯದವು. ಎತ್ತರದ ಕಿರೀಟದಂಥ ಟೋಪಿ ಆರ್ಮೇನಿಯಾದ್ದು. ರೋಮನ್ನರು ತಾವು ತೊಡದ ಷರಾಯಿಯನ್ನು ಪರಕೀಯನ ಗುರುತಾಗಿ ಬಳಸುತ್ತಿದ್ದುದರಿಂದ ಚಿತ್ರ ತೀರಾ ಸವೆದಿದ್ದಾಗ ಕಾಲಿನ ಉಡುಪನ್ನೂ ಗಮನಿಸಬೇಕು. ಟ್ರೇಜನ್ನನ ಡೇಸಿಯಾ ನಾಣ್ಯಗಳಲ್ಲಿ ಆಯುಧಗಳ ರಾಶಿಯ ಮೇಲೆ ಕುಳಿತ ಡೇಸಿಯನ್ ಗಂಡಸನ್ನೂ ಕಾಣುತ್ತೇವೆ. ಕೆಳಗೆ ಡೇಸಿಯಾ ವಶವಾಯಿತು ಎಂಬುದರ ಸಂಕ್ಷೇಪವಾಗಿ ‘ಡಿ ಎ ಸಿ, ಸಿ ಎ ಪಿ’ ಎಂದಿದ್ದರೆ ಆ ನಾಣ್ಯವನ್ನು ಎರಡನೆಯ ಯುದ್ಧದ ಅನಂತರಕ್ಕೆ ಹಾಕಬಹುದು. ಮೇಲೆ ಬಾಕಿಯಿಟ್ಟ ಪ್ರಶ್ನೆಗೆ ಉತ್ತರ ದೊರೆಯುವುದು ಹೀಗೆ.

ಹಿಂಬದಿಯ ಕ್ರಿಯಾಪದಗಳ ಬಗ್ಗೆ ಒಂದು ಮಾತು. ‘ಕಾಪ್ತಾ’ ಎಂದರೆ ಸೆರೆಹಿಡಿದದ್ದು, ‘ದೇವಿಕ್ತಾ’ ಎಂದರೆ ಪೂರ್ತಿಯಾಗಿ ಸೋಲಿಸಿದ್ದು, ‘ರೆಸೆಪ್ತಾ’ ಎಂದರೆ ಮರಳಿ ಪಡೆದದ್ದು, ‘ಅದ್‌ಕ್ವಿಸಿತಾ’ ಎಂದರೆ ಸೇರಿಸಿಕೊಂಡದ್ದು. ಟಂಕಸಾಲೆಯವರು ಇವುಗಳನ್ನು ಆರಿಸಿ ಬಳಸುತ್ತಿದ್ದರು. ಆಕ್ಟೇವಿಯನ್ ಕ್ರಿ.ಪೂ. 28ರ ಸುಮಾರಿಗೆ ಮೊಸಳೆಯ ಚಿತ್ರದೊಡನೆ ಈಜಿಪ್ಟನ್ನು ಸೆರೆಹಿಡಿದದ್ದೆಂದು ಸಾರಿದ, ಆದರೆ ಆಂಟನಿಯ ಹಿಡಿತದಲ್ಲಿದ್ದ ಏಷ್ಯಾ ಪ್ರಾಂತ್ಯವನ್ನು (ಇಂದಿನ ಟರ್ಕಿಯ ಪಶ್ಚಿಮ ಭಾಗ) ಮರಳಿ ಪಡೆದದ್ದೆಂದ. ಏಕೆಂದರೆ ಅದು ಮೊದಲಿನಿಂದಲೂ ರೋಮಿನದೇ ಆಗಿತ್ತು. ಟ್ರೇಜನ್ 106ರಲ್ಲಿ ನಬಾತಿಯನ್ ರಾಜ್ಯವನ್ನು ತನ್ನದಾಗಿಸಿಕೊಂಡಾಗ ಅರೇಬಿಯಾವನ್ನು ‘ಕಾಪ್ತಾ’ ಎನ್ನದೆ ‘ಅದ್‌ಕ್ವಿಸಿತಾ’ ಎಂದ.

ಒಂದು ನಾಣ್ಯವನ್ನು ಪೂರ್ತಿಯಾಗಿ ಓದೋಣ

ಈಗ ವೆಸ್ಪಾಸಿಯನ್ನನ ಪ್ರಸಿದ್ಧ ಸೆಸ್ಟರ್ಷಿಯಸ್ ಒಂದನ್ನು ತೆಗೆದುಕೊಳ್ಳೋಣ. ದೊಡ್ಡ ಮ್ಯೂಸಿಯಮ್‌ಗಳ ಜಾಲತಾಣಗಳಲ್ಲಿ ಇದರ ಸ್ಪಷ್ಟ ಚಿತ್ರಗಳು ಸಿಗುತ್ತವೆ, ಅವುಗಳಲ್ಲೊಂದನ್ನು ಮುಂದಿಟ್ಟುಕೊಂಡು ಓದಿದರೆ ಅನುಕೂಲ.

ಮುಂಬದಿಯಲ್ಲಿ ಬಲಕ್ಕೆ ತಿರುಗಿದ ದಪ್ಪ ಕುತ್ತಿಗೆಯ, ಬೋಳುನೆತ್ತಿಯ, ವಯಸ್ಸಾದ ಮುಖ. ತಲೆಗೆ ಲಾರೆಲ್ ಎಲೆಗಳ ಹಾರ. ಆಗಸ್ಟಸ್ಸನ ಕಾಲದಿಂದ ರೂಢಿಯಲ್ಲಿದ್ದ ನಿತ್ಯಯೌವನದ ಮುಖವನ್ನು ಬಿಟ್ಟು, ಸೈನಿಕನಾಗಿ ಬದುಕು ಸವೆಸಿದ ಮುದುಕನನ್ನು ಇದ್ದ ಹಾಗೆಯೇ ತೋರಿಸಿದ್ದಾರೆ. ಅಂತರ್ಯುದ್ಧದಲ್ಲಿ ಗೆದ್ದು ಹೊಸ ವಂಶವೊಂದನ್ನು ಆರಂಭಿಸಿದವನಿಗೆ ಅದೇ ತಕ್ಕ ಮುಖವಾಗಿತ್ತು. ಸುತ್ತಲಿನ ಬರಹದ ಕೊನೆಯಲ್ಲಿ ‘ಸಿ ಒ ಎಸ್’ ಮತ್ತು ಮೂರು ಗೆರೆಗಳಿವೆ. ಅವನು ಮೂರನೆಯ ಸಲ ಕಾನ್ಸಲ್ ಆಗಿದ್ದದ್ದು ಕ್ರಿ.ಶ. 71ರಲ್ಲಿ, ಅಂದರೆ ಜೆರುಸಲೇಮ್ ಬಿದ್ದ ಮರುವರ್ಷ. ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು: ಟ್ರೇಜನ್ನನಿಗೆ ಡಾಸಿಕಸ್ ಎಂಬ ಬಿರುದು ಇದ್ದಂತೆ ವೆಸ್ಪಾಸಿಯನ್ನನಿಗಾಗಲಿ ಅವನ ಮಗ ಟೈಟಸ್ಸನಿಗಾಗಲಿ ಯೂದಾಯದ ಹೆಸರಿನಿಂದ ಬಂದ ಬಿರುದು ಇಲ್ಲ, ಅವರು ಅದನ್ನು ಧರಿಸಲಿಲ್ಲ. ಆದ್ದರಿಂದ ಈ ಸರಣಿಯಲ್ಲಿ ಕಾನ್ಸಲ್ ಅಂಕಿಯೇ ನಮಗೆ ಆಧಾರ.

ಹಿಂಬದಿಯ ನಡುವೆ ಎತ್ತರವಾದ ಖರ್ಜೂರದ ಮರ, ಗೊನೆಗಳ ಸಹಿತ. ಅದರ ಒಂದು ಪಕ್ಕದಲ್ಲಿ ಕುಳಿತು ದುಃಖಿಸುತ್ತಿರುವ ಹೆಂಗಸು. ಇನ್ನೊಂದು ಪಕ್ಕದಲ್ಲಿ, ಈ ಸರಣಿಯ ಕೆಲವು ಅಚ್ಚುಗಳಲ್ಲಿ ಬೆನ್ನ ಹಿಂದೆ ಕೈಕಟ್ಟಿಸಿಕೊಂಡ ಯೆಹೂದಿ ಸೆರೆಯಾಳು ನಿಂತಿದ್ದಾನೆ, ಕೆಲವುಗಳಲ್ಲಿ ಚಕ್ರವರ್ತಿಯೇ ಈಟಿ ಹಿಡಿದು ಶಿರಸ್ತ್ರಾಣವೊಂದರ ಮೇಲೆ ಕಾಲಿಟ್ಟು ನಿಂತಿದ್ದಾನೆ. ಸುತ್ತಲೂ ‘ಯೂದಾಯಾ ಕಾಪ್ತಾ’ ಎಂಬ ಬರಹ. ಕೆಳಗಿನ ಅಡ್ಡಗೆರೆಯ ಅಡಿಯಲ್ಲಿ ಸೆನೆಟ್ಟಿನ ನಿರ್ಣಯದಂತೆ ಎಂಬುದನ್ನು ಸೂಚಿಸುವ ‘ಎಸ್ ಸಿ’. ಕೊನೆಯ ಈ ಎರಡಕ್ಷರಗಳು ಹಿತ್ತಾಳೆ ಮತ್ತು ತಾಮ್ರದ ನಾಣ್ಯಗಳಲ್ಲಿ ಸಾಮಾನ್ಯವಾಗಿ ಇರುವಂಥವು, ಅವುಗಳಿಗೆ ವಿಜಯದೊಡನೆ ವಿಶೇಷ ಸಂಬಂಧವಿಲ್ಲ.

ಇಷ್ಟನ್ನು ಓದಿದ ಮೇಲೆ ಈ ವಿಜಯ ಅವರಿಗೆ ಏಕೆ ಅಷ್ಟು ಬೇಕಾಗಿತ್ತು ಎಂದು ಕೇಳಬೇಕು. 66ರಲ್ಲಿ ಆರಂಭವಾದ ಯೆಹೂದಿಗಳ ದಂಗೆಯನ್ನು ಅಡಗಿಸಲು ಕಳಿಸಿದ್ದ ಸೇನಾಪತಿ ವೆಸ್ಪಾಸಿಯನ್. ನೀರೋ ಸತ್ತ ಮೇಲೆ, 69ರ ಒಂದೇ ವರ್ಷದಲ್ಲಿ ನಾಲ್ವರು ಚಕ್ರವರ್ತಿಗಳಾದ ಗೊಂದಲದಲ್ಲಿ, ಅವನು ನಾಲ್ಕನೆಯವನಾಗಿ ಸಿಂಹಾಸನಕ್ಕೆ ಏರಿದ. ಜೆರುಸಲೇಮಿನ ಮುತ್ತಿಗೆಯನ್ನು 70ರಲ್ಲಿ ಮುಗಿಸಿ ದೇವಾಲಯವನ್ನು ನಾಶಮಾಡಿದವನು ಟೈಟಸ್. ರೋಮನ್ನರು ರೋಮನ್ನರನ್ನೇ ಕೊಂದ ಯುದ್ಧದಿಂದ ಬಂದ ಸಿಂಹಾಸನಕ್ಕೆ ಪರಕೀಯರ ಮೇಲಿನ ವಿಜಯವೊಂದು ಮರ್ಯಾದೆಯ ಆಧಾರವಾಗಬಲ್ಲುದಾಗಿತ್ತು. ಆದ್ದರಿಂದಲೇ ಈ ಚಿತ್ರ ಚಿನ್ನ, ಬೆಳ್ಳಿ, ಹಿತ್ತಾಳೆ, ತಾಮ್ರ ಎಲ್ಲದರ ಮೇಲೂ ಬಂದಿತು, ಮತ್ತು ದಂಗೆ ಅಡಗಿ ಹತ್ತು ವರ್ಷಗಳಾದ ಮೇಲೂ ಟೈಟಸ್ಸನ ಆಳ್ವಿಕೆಯಲ್ಲಿ ಮತ್ತೆ ಅಚ್ಚಾಯಿತು. ನಾಣ್ಯ 71ರಲ್ಲೇ ಎಲ್ಲ ಮುಗಿಯಿತೆಂದು ಸಾರಿದರೂ ದಂಗೆಕೋರರ ಕೊನೆಯ ನೆಲೆಯಾದ ಮಸಾಡಾ ಕೋಟೆ ಬೀಳಲು 73 ಅಥವಾ 74ರವರೆಗೆ ಕಾಯಬೇಕಾಯಿತು. ಮುಂದೆ 132ರಲ್ಲಿ ಬಾರ್ ಕೋಖ್ಬಾನ ನಾಯಕತ್ವದಲ್ಲಿ ಮತ್ತೆ ದಂಗೆಯೆದ್ದ ಯೆಹೂದಿಗಳು ಚಲಾವಣೆಯಲ್ಲಿದ್ದ ರೋಮನ್ ನಾಣ್ಯಗಳನ್ನೇ ತೆಗೆದುಕೊಂಡು, ಚಕ್ರವರ್ತಿಯ ಮುಖದ ಮೇಲೆ ತಮ್ಮ ದೇವಾಲಯದ ಮತ್ತು ಸ್ವಾತಂತ್ರ್ಯದ ಗುರುತುಗಳನ್ನು ಮರು ಅಚ್ಚೊತ್ತಿದರು. ಅಂಥ ಕೆಲವು ನಾಣ್ಯಗಳಲ್ಲಿ ಕೆಳಗಿನ ರೋಮನ್ ಅಕ್ಷರಗಳು ಇಂದಿಗೂ ಇಣುಕುತ್ತವೆ.

ನಾಣ್ಯದ ಮಾತನ್ನು ಒರೆಗೆ ಹಚ್ಚುವುದು

ಪ್ರತಿ ವಿಜಯನಾಣ್ಯಕ್ಕೂ ಕೇಳಲೇಬೇಕಾದ ಮೊದಲ ಪ್ರಶ್ನೆ: ಈ ವಿಜಯ ಯಾವಾಗಿನದು? ಚಕ್ರವರ್ತಿಗಳು ಬರುವುದಕ್ಕೆ ಹಿಂದಿನ ಗಣರಾಜ್ಯದ ಕಾಲದಲ್ಲಿ ಟಂಕಸಾಲೆಯ ಅಧಿಕಾರಿಗಳಾಗಿದ್ದ ಯುವ ಶ್ರೀಮಂತರು ತಮ್ಮ ಪೂರ್ವಿಕರ ಕೀರ್ತಿಯನ್ನು ನಾಣ್ಯಕ್ಕೆ ಏರಿಸುತ್ತಿದ್ದರು. ಕ್ರಿ.ಪೂ. 62ರ ಒಂದು ಡಿನೇರಿಯಸ್ಸಿನಲ್ಲಿ ಮ್ಯಾಸಿಡೋನಿಯದ ದೊರೆ ಪರ್ಸಿಯಸ್ ತನ್ನ ಇಬ್ಬರು ಮಕ್ಕಳೊಡನೆ ಟ್ರೋಫಿಯ ಪಕ್ಕ ಸೆರೆಯಾಳಾಗಿ ನಿಂತಿದ್ದಾನೆ. ಅವನು ಪಿಡ್ನಾದಲ್ಲಿ ಸೋತದ್ದು ಕ್ರಿ.ಪೂ. 168ರಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ.

ಎರಡನೆಯ ಪ್ರಶ್ನೆ: ಯುದ್ಧ ನಡೆದಿತ್ತೇ? ಕ್ರಿ.ಪೂ. 53ರಲ್ಲಿ ಕ್ಯಾರೆ ಎಂಬಲ್ಲಿ ಪಾರ್ಥಿಯನ್ನರು ರೋಮನ್ ಸೇನಾಪತಿ ಕ್ರಾಸಸ್ಸನನ್ನು ಕೊಂದು ಅವನ ಸೈನ್ಯದ ಧ್ವಜಗಳನ್ನು ಹೊತ್ತೊಯ್ದಿದ್ದರು. ಆಗಸ್ಟಸ್ ಕ್ರಿ.ಪೂ. 20ರಲ್ಲಿ ಅವುಗಳನ್ನು ಮಾತುಕತೆಯ ಮೂಲಕ ಹಿಂದಕ್ಕೆ ಪಡೆದ. ಆದರೆ ಆ ಬಳಿಕದ ನಾಣ್ಯಗಳಲ್ಲಿ ಪಾರ್ಥಿಯನ್ ಒಬ್ಬ ಮಂಡಿಯೂರಿ ಧ್ವಜವನ್ನು ಒಪ್ಪಿಸುತ್ತಿದ್ದಾನೆ. ಚಿತ್ರವನ್ನಷ್ಟೇ ನೋಡಿದವರಿಗೆ ದೊಡ್ಡ ಕಾಳಗವೊಂದು ನಡೆದಿತ್ತೆಂದು ತೋರುವುದು ಸಹಜ. ಕ್ರಿ.ಶ. 244ರಲ್ಲಿ ಪರ್ಷಿಯನ್ನರೊಡನೆ ಶಾಂತಿಯನ್ನು ಸ್ಥಾಪಿಸಿದ್ದೇನೆಂದು ಚಕ್ರವರ್ತಿ ಫಿಲಿಪ್ ನಾಣ್ಯ ಹೊರಡಿಸಿದ. ಅದೇ ಘಟನೆಯನ್ನು ಪರ್ಷಿಯದ ದೊರೆ ಒಂದನೆಯ ಶಾಪುರ್ ನಕ್ಷ್-ಎ-ರುಸ್ತಮ್‌ನ ಶಿಲಾಶಾಸನದಲ್ಲಿ ಹೇಳಿಸಿರುವ ರೀತಿಯೇ ಬೇರೆ: ಫಿಲಿಪ್ ತನ್ನ ಬಳಿ ಬೇಡಿಕೊಂಡು ಬಂದು, ಬಿಡುಗಡೆಯ ಹಣವಾಗಿ ಐದು ಲಕ್ಷ ದಿನಾರುಗಳನ್ನು ಕೊಟ್ಟು ಕಪ್ಪ ತೆರುವವನಾದ. ಎರಡೂ ಪ್ರಭುಗಳ ಹೊಗಳಿಕೆಯ ಮಾತುಗಳೇ ಆಗಿರುವಾಗ ಸತ್ಯ ನಡುವೆ ಎಲ್ಲೋ ಇದೆ ಎಂದು ಸುಮ್ಮನಾಗದೆ, ಯಾವ ಪ್ರದೇಶ ಆಮೇಲೆ ಯಾರ ಕೈಯಲ್ಲಿ ಉಳಿಯಿತೆಂದು ಹುಡುಕುವುದು ಸರಿಯಾದ ದಾರಿ.

ವೆಸ್ಪಾಸಿಯನ್ನನ ಕಿರಿಯ ಮಗ, ಚಕ್ರವರ್ತಿ ಡೊಮಿಶಿಯನ್ನನ ಪ್ರಕರಣ ಇನ್ನೂ ಸೂಕ್ಷ್ಮವಾದದ್ದು. ಅವನು 83ರಲ್ಲಿ ಚಾಟಿ ಎಂಬ ಜರ್ಮನ್ ಬುಡಕಟ್ಟಿನ ಮೇಲೆ ದಂಡೆತ್ತಿ ಹೋಗಿ, ಜರ್ಮಾನಿಕಸ್ ಎಂಬ ಬಿರುದು ಪಡೆದು, 85ರಲ್ಲಿ ತನ್ನ ತಂದೆಯ ಯೂದಾಯ ನಾಣ್ಯಗಳನ್ನು ನೆನಪಿಸುವ ಭವ್ಯವಾದ ‘ಜರ್ಮಾನಿಯಾ ಕಾಪ್ತಾ’ ಸೆಸ್ಟರ್ಷಿಯಸ್‌ಗಳನ್ನು ಹೊರಡಿಸಿದ. ಆ ವಿಜಯ ಸುಳ್ಳು, ಮೆರವಣಿಗೆಯಲ್ಲಿ ತೋರಿಸಲು ಸಂತೆಯಲ್ಲಿ ಕೊಂಡ ಜನರಿಗೆ ಸೆರೆಯಾಳುಗಳಂತೆ ಕಾಣುವ ಉಡುಪನ್ನೂ ಕೂದಲನ್ನೂ ಸಿದ್ಧಪಡಿಸಿದ್ದರು ಎಂದು ರೋಮನ್ ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ಆದರೆ ಟಾಸಿಟಸ್ ಇದನ್ನು ಬರೆದದ್ದು ಡೊಮಿಶಿಯನ್ ಕೊಲೆಯಾದ ಮೇಲೆ, ಅವನನ್ನು ಹಳಿಯುವುದು ಸುಲಭವಾಗಿದ್ದ ಕಾಲದಲ್ಲಿ. ನಾಣ್ಯವನ್ನು ಹೇಗೋ ಹಾಗೆಯೇ ಇತಿಹಾಸಕಾರನನ್ನೂ ಪರೀಕ್ಷಿಸಬೇಕು.

ನಾಣ್ಯದಲ್ಲಿ ಕಟ್ಟಡವಿದ್ದರೂ ಇದೇ ಎಚ್ಚರ ಅಗತ್ಯ. ಕ್ಲಾಡಿಯಸ್ 43ರಲ್ಲಿ ಬ್ರಿಟನ್ನಿನ ಮೇಲೆ ದಂಡಯಾತ್ರೆ ನಡೆಸಿದ ನೆನಪಿಗೆ 46–47ರಿಂದಲೇ ವಿಜಯದ ಕಮಾನಿನ ಚಿತ್ರವಿರುವ ಚಿನ್ನ ಮತ್ತು ಬೆಳ್ಳಿಯ ನಾಣ್ಯಗಳು ಬಂದವು. ರೋಮಿನಲ್ಲಿ ಆ ಕಮಾನು ಸಮರ್ಪಿತವಾದದ್ದು ಇನ್ನೂ ಕೆಲವು ವರ್ಷಗಳಾದ ಮೇಲೆ. ಟ್ರೇಜನ್ ‘ಪಾರ್ಥಿಯಾ ಕಾಪ್ತಾ’ ಎಂದು ಸಾರಿದ ಮರುವರ್ಷವೇ ಸತ್ತ, ಅವನ ಬಳಿಕ ಬಂದ ಹೇಡ್ರಿಯನ್ ಆ ಹೊಸ ಪ್ರಾಂತ್ಯಗಳಿಂದ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡ.

ಕೊನೆಯ ಶತಮಾನಗಳು, ಮತ್ತು ಕರ್ನಾಟಕದಲ್ಲಿ ಸಿಕ್ಕ ನಾಣ್ಯಗಳು

3ನೆಯ ಶತಮಾನದಲ್ಲಿ ಬೆಳ್ಳಿಯ ಪ್ರಮಾಣ ಕುಸಿದು ನಾಣ್ಯಗಳು ಚಿಕ್ಕದಾದವು, ಚಿತ್ರಗಳು ಸರಳವಾದವು. ಇಲ್ಲಿ ಓದುಗನಿಗೆ ಹೊಸ ಸಹಾಯವೊಂದು ಸಿಗುತ್ತದೆ: ಹಿಂಬದಿಯ ಅಡ್ಡಗೆರೆಯ ಕೆಳಗೆ ಟಂಕಸಾಲೆಯ ಗುರುತು. ಕಾನ್‌ಸ್ಟಂಟೈನ್ 323–324ರಲ್ಲಿ ಹೊರಡಿಸಿದ ‘ಸರ್ಮಾಶಿಯಾ ದೇವಿಕ್ತಾ’ ತಾಮ್ರದ ನಾಣ್ಯದಲ್ಲಿ ವಿಜಯದೇವತೆ ಸೆರೆಯಾಳನ್ನು ಮೆಟ್ಟುತ್ತಾ ಸಾಗುತ್ತಾಳೆ. ಕೆಳಗೆ ‘ಪಿ ಎಲ್ ಒ ಎನ್’ ಎಂದಿದ್ದರೆ ಅದು ಲಂಡನ್ನಿನಲ್ಲಿ ಅಚ್ಚಾದದ್ದು.

ನಮ್ಮ ನಾಡಿನಲ್ಲಿ ದೊರೆತ ರೋಮನ್ ನಾಣ್ಯಗಳೆಲ್ಲ ವಿಜಯನಾಣ್ಯಗಳೆಂದು ಭಾವಿಸಬಾರದು. ಚಿತ್ರದುರ್ಗದ ಚಂದ್ರವಳ್ಳಿ ಮತ್ತು ಬೆಂಗಳೂರಿನ ಯಶವಂತಪುರದಂಥ ಕಡೆ ಸಿಕ್ಕವು ಮುಖ್ಯವಾಗಿ 1ನೆಯ ಶತಮಾನದ ಡಿನೇರಿಯಸ್‌ಗಳು. ದಕ್ಷಿಣ ಭಾರತದಲ್ಲಿ ಅತಿ ಹೆಚ್ಚಾಗಿ ಕಾಣುವ ಎರಡು ಬಗೆಗಳಲ್ಲಿ ಆಗಸ್ಟಸ್ಸನದರ ಹಿಂಬದಿಯಲ್ಲಿ ಅವನ ದತ್ತುಮಕ್ಕಳಾದ ಗಯಸ್ ಮತ್ತು ಲೂಸಿಯಸ್ ಗುರಾಣಿ, ಈಟಿಗಳೊಡನೆ ನಿಂತಿದ್ದಾರೆ. ಟೈಬೀರಿಯಸ್ಸನದರಲ್ಲಿ ಕುಳಿತ ಹೆಂಗಸೊಬ್ಬಳಿದ್ದಾಳೆ. ಗುರಾಣಿ ಕಂಡ ಮಾತ್ರಕ್ಕೆ, ಅಥವಾ ಕುಳಿತ ಹೆಂಗಸು ಕಂಡ ಮಾತ್ರಕ್ಕೆ ಸೋತ ನಾಡೆಂದು ಓದಿಬಿಡುವ ಅಪಾಯ ಇಲ್ಲಿದೆ: ಟೈಬೀರಿಯಸ್ಸನ ನಾಣ್ಯದ ಹೆಂಗಸು ಪೀಠದ ಮೇಲೆ ನೆಟ್ಟಗೆ ಕುಳಿತು ರಾಜದಂಡ ಹಿಡಿದಿದ್ದಾಳೆ, ನೆಲಕ್ಕೆ ಕುಸಿದಿಲ್ಲ. ವಿಜಯದೇವತೆಯನ್ನೇ ಕರ್ನಾಟಕದ ಮಣ್ಣಿನಲ್ಲಿ ಹುಡುಕುವವರು ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯತ್ತ ನೋಡಬೇಕು. ಅಲ್ಲಿ ಸಿಕ್ಕ 5 ಮತ್ತು 6ನೆಯ ಶತಮಾನದ ಚಿನ್ನದ ಸಾಲಿಡಸ್‌ಗಳ ಕಾಲದಲ್ಲಿ ಶಿಲುಬೆ ಹಿಡಿದ ವಿಕ್ಟೋರಿಯಾ, ಅವಳ ಸುತ್ತ ‘ಚಕ್ರವರ್ತಿಗಳ ವಿಜಯ’ ಎಂಬ ಬರಹ, ಕೆಳಗೆ ಕಾನ್‌ಸ್ಟಾಂಟಿನೋಪಲ್ಲಿನ ಶುದ್ಧ ಚಿನ್ನವೆಂಬ ಗುರುತು ಸಾಮಾನ್ಯವಾಗಿದ್ದವು. ಆ ಹೊತ್ತಿಗೆ ಅವಳು ಯಾವುದೇ ನಿರ್ದಿಷ್ಟ ಯುದ್ಧವನ್ನು ಹೇಳುವುದನ್ನು ಬಿಟ್ಟು ರಾಜ್ಯದ ಸ್ಥಿರಲಾಂಛನವಾಗಿದ್ದಳು.

ಭಾರತದಲ್ಲಿ ಸಿಕ್ಕ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖದ ಮೇಲೆ ಉಳಿಯಿಂದ ಕಡಿದ ಗೀರು, ಅಥವಾ ಒಡವೆಯಾಗಿ ಧರಿಸಲು ಕೊರೆದ ತೂತು ಇರುವುದುಂಟು. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ 1898ರಲ್ಲಿ ದೊರೆತ ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವು ಹಾಗೆ ಕಡಿಸಿಕೊಂಡವು. ಇವನ್ನು ದೋಷವೆಂದು ಬದಿಗಿಡದೆ ನಾಣ್ಯದ ಚರಿತ್ರೆಯ ಭಾಗವಾಗಿ ದಾಖಲಿಸಬೇಕು.

ನಕಲಿಯನ್ನು ಗುರುತಿಸುವುದು, ಕಾನೂನು, ದಾಖಲೆ

ಯೂದಾಯದ ನಾಣ್ಯಗಳಿಗೆ ಬೇಡಿಕೆ ಹೆಚ್ಚಾದ್ದರಿಂದ ನಕಲಿಗಳೂ ಹೆಚ್ಚು. ನಕಲಿಯ ಕಸುಬು ಹಳೆಯದು. 16ನೆಯ ಶತಮಾನದಲ್ಲೇ ಪಾಡುವಾ ನಗರದ ಜೊವಾನಿ ದ ಕಾವಿನೊ ರೋಮನ್ ಸೆಸ್ಟರ್ಷಿಯಸ್‌ಗಳ ಅತ್ಯಂತ ನಾಜೂಕಾದ ಪ್ರತಿಗಳನ್ನು ಮಾಡಿದ್ದ. ನಿಜವಾದ ನಾಣ್ಯ ಅಚ್ಚುಗಳ ನಡುವೆ ಸುತ್ತಿಗೆಯ ಏಟಿನಿಂದ ಹುಟ್ಟಿದ್ದು, ಹೆಚ್ಚಿನ ಅಗ್ಗದ ನಕಲಿಗಳು ಎರಕ ಹೊಯ್ದವು. ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೇಲ್ಮೈಯಲ್ಲಿ ಗಾಳಿಗುಳ್ಳೆಗಳ ಸಣ್ಣ ಕುಳಿಗಳು, ಸಾಬೂನಿನಂತೆ ನುಣುಪಾದ ಅಕ್ಷರದ ಅಂಚುಗಳು ಕಂಡರೆ ಅನುಮಾನಿಸಿ. ಒಂದೇ ಗೀರು, ಒಂದೇ ಸವೆತ ಇರುವ ಎರಡು ನಾಣ್ಯಗಳು ಮಾರಾಟದಲ್ಲಿದ್ದರೆ ಎರಡನ್ನೂ ಕೊಳ್ಳಬೇಡಿ. ತೂಕ ತೀರಾ ಕಡಿಮೆಯಿರುವ ಡಿನೇರಿಯಸ್ಸಿನ ಬೆಳ್ಳಿ ಪದರ ಕಿತ್ತು ಒಳಗೆ ತಾಮ್ರ ಕಾಣುತ್ತಿದ್ದರೆ ಮಾತ್ರ ಆತುರ ಪಡಬಾರದು: ಅದು ರೋಮನ್ ಕಾಲದಲ್ಲೇ ಮಾಡಿದ ಖೋಟಾ ನಾಣ್ಯವಾಗಿರಬಹುದು, ಅದಕ್ಕೂ ಅದರದೇ ಮಹತ್ವವಿದೆ.

ನೂರು ವರ್ಷ ದಾಟಿದ ನಾಣ್ಯಗಳು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ದೇಶದಿಂದ ಹೊರಕ್ಕೆ ಕಳಿಸುವಂತಿಲ್ಲ. ಹೊಲ ಉಳುವಾಗ ಅಥವಾ ಪಾಯ ತೋಡುವಾಗ ನಾಣ್ಯಗಳು ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಕಾನೂನಿನ ಮಾತು ಹಾಗಿರಲಿ, ಮಡಕೆಯೊಳಗಿನ ನಾಣ್ಯಗಳು ಚದುರಿದರೆ ಅವು ಯಾವಾಗ, ಯಾರ ಜೊತೆ ಹುದುಗಿದವೆಂಬ ತಿಳಿವಳಿಕೆ ಶಾಶ್ವತವಾಗಿ ಹೋಗುತ್ತದೆ. ಇದು ನನಗೆ ಅತ್ಯಂತ ನೋವಿನ ಸಂಗತಿ.

ಓದಿ ಮುಗಿದ ಪ್ರತಿ ನಾಣ್ಯಕ್ಕೂ ಒಂದು ಚೀಟಿ ಬರೆಯಿರಿ. ಚಕ್ರವರ್ತಿಯ ಹೆಸರು, ನಾಣ್ಯದ ಬಗೆ, ಲೋಹ, ತೂಕ, ವ್ಯಾಸ, ಮುಂಬದಿಯ ಬರಹ ಅಕ್ಷರಶಃ, ಕಾಣದ ಅಕ್ಷರಗಳನ್ನು ಕಂಸದಲ್ಲಿರಿಸಿ, ಹಿಂಬದಿಯ ಬರಹ ಹಾಗೆಯೇ, ಚಿತ್ರದ ವಿವರಣೆ ನಾಣ್ಯದ ಎಡದಿಂದ ಬಲಕ್ಕೆ, ಕಾಲ, ಮತ್ತು ಆ ಕಾಲವನ್ನು ಯಾವ ಪದವಿ ಅಥವಾ ಬಿರುದಿನಿಂದ ನಿರ್ಧರಿಸಿದಿರಿ ಎಂಬುದು, ಎಲ್ಲಿಂದ ಬಂದದ್ದು. ಆಮೇಲೆ ಅಮೆರಿಕನ್ ನ್ಯುಮಿಸ್ಮ್ಯಾಟಿಕ್ ಸೊಸೈಟಿ ಉಚಿತವಾಗಿ ಒದಗಿಸಿರುವ ‘ಆನ್‌ಲೈನ್ ಕಾಯಿನ್ಸ್ ಆಫ್ ದಿ ರೋಮನ್ ಎಂಪೈರ್’ ಎಂಬ ಜಾಲತಾಣದಲ್ಲಿ ಬರಹದ ಒಂದೆರಡು ಪದಗಳನ್ನು ಕೊಟ್ಟು ಹುಡುಕಿ, ಸಿಕ್ಕ ಮಾದರಿಯ ಸಂಖ್ಯೆಯನ್ನು ಚೀಟಿಗೆ ಸೇರಿಸಿ. ನಿಮ್ಮ ಓದಿಗೂ ಅಲ್ಲಿನ ವಿವರಕ್ಕೂ ವ್ಯತ್ಯಾಸ ಕಂಡರೆ ನಿಮ್ಮದನ್ನು ಅಳಿಸಿಹಾಕದೆ ಎರಡನ್ನೂ ಬರೆದಿಟ್ಟು, ಪಕ್ಕದ ದೀಪವನ್ನು ಮತ್ತೆ ಹೊತ್ತಿಸಿ ಅಕ್ಷರಗಳನ್ನು ಇನ್ನೊಮ್ಮೆ ನೋಡಿ.